ಕಾಕುವಿನ ತುಳಸಿಗೆ ಕಾಕಾನ ಸೂರ್ಯ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಸೂರ್ಯ ಹುಟ್ಟುವುದು ನಮ್ಮ ಕಾಕಾ ಸ್ವಿಚ್ ಒತ್ತಿದ ಮೇಲೆಯೇ ಎಂದರೆ ನೀವು ನಗುತ್ತೀರಿ. ನಗಿ! ನಾನೂ ಮೊದಲು ನಕ್ಕವನೇ. ಆದರೆ ಆ ಸೂರ್ಯನನ್ನು ಹೊತ್ತು ತಂದ ಸ್ಕೂಟರು ನನ್ನದು, ಆ ಸೂರ್ಯ ಕಳಚಿ ಬಿದ್ದಾಗಲೆಲ್ಲ ಎತ್ತಿ ಅಂಟಿಸಿದ ಕೈಗಳೂ ನನ್ನವೇ. ಹಾಗಾಗಿ ಕಾಕಾನನ್ನು ಆಡಿಕೊಳ್ಳುವ ಹಕ್ಕು ನನಗಿದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಬೀದರಿನಿಂದ ಬಂದು ಹೈದರಾಬಾದಿನ ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ವಿದ್ಯುತ್ತಿಗೂ ಅವರಿಗೂ ಇದ್ದ ಸಂಬಂಧ ಫ್ಯಾನಿನ ರೆಗ್ಯುಲೇಟರ್ ತಿರುಗಿಸುವಷ್ಟು ಮಾತ್ರ. ಅಂಥವರು ಇಳಿವಯಸ್ಸಿನಲ್ಲಿ ಎಲ್‌ಇಡಿ ಪಟ್ಟಿಗಳ ಹಿಂದೆ ಬಿದ್ದರಲ್ಲ, ಯಾಕೆ?

ಕಾಕಾನ ಹೆಂಡತಿ, ನಮ್ಮ ಕಾಕು, ಹಾಸಿಗೆ ಹಿಡಿದಿದ್ದರು. ದೊಡ್ಡ ಕಾಯಿಲೆ. ಡಾಕ್ಟರು, "ಮನೆಗೆ ಕರೆದುಕೊಂಡು ಹೋಗಿ, ಇಷ್ಟಪಟ್ಟದ್ದು ತಿನ್ನಿಸಿ" ಅಂದಿದ್ದರು. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ತಿನ್ನಿಸೋಣವೆಂದರೆ ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದೇ ಹೊತ್ತಿಗೆ ಅವರ ಬಾಲ್ಕನಿಯ ಎದುರಿಗೆ ಹೊಸ ಟವರೊಂದು ಎದ್ದು ಬಿಸಿಲನ್ನೆಲ್ಲ ನುಂಗಿಬಿಟ್ಟಿತು. ಕಾಕು ತವರಿನ ಬೀಜ ತಂದು ಬೆಳೆಸಿದ್ದ ತುಳಸಿ ಎಲೆ ಉದುರಿಸಿ ಕಡ್ಡಿಯಾಯಿತು.

ನಮ್ಮಲ್ಲಿ ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ತುಳಸಿದಳ ಇಟ್ಟು ನೀರು ಬಿಡುತ್ತಾರೆ. ಕಾಕು ಎಲ್ಲರೆದುರೇ ಅಪ್ಪಣೆ ಹೊರಡಿಸಿದರು: "ಪ್ಯಾಟಿ ತುಳಸಿ ನನಗ ಬ್ಯಾಡ. ನನ್ನ ಗಿಡ ಛಂದಾಗಿ ಚಿಗುರಲಿ. ಅದರ ದಳಾ ಬಾಯಾಗ ಇಟ್ಕೊಂಡು ಆರಾಮ ಹೋಗ್ತೀನಿ. ಅಲ್ಲೀತನಕಾ ನಾ ಹೋಗಾಕಿ ಅಲ್ಲ."

ಮರುದಿನವೇ ಕಾಕಾ ಕುಂಡವನ್ನು ಕಾಕುವಿನ ಮಂಚದ ಎದುರಿಗೆ ತಂದಿಟ್ಟರು. ಮೊಬೈಲಿನಲ್ಲಿ ಏನೇನೋ ವಿಡಿಯೋ ನೋಡಿ, ಗಿಡಕ್ಕೆ ಬೇಕಾದದ್ದು ಕೆಂಪು ಮತ್ತು ನೀಲಿ ಬೆಳಕು ಎಂದು ತೀರ್ಮಾನಿಸಿ, ಎರಡೂ ಬೆರೆತ ಪಟ್ಟಿ ತರಿಸಿದರು. ಸ್ವಿಚ್ ಒತ್ತಿದರೆ ಇಡೀ ಕೋಣೆ ನೇರಳೆ! ಕಾಕು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಏನ್ರಿ, ನಾ ಇನ್ನೂ ಸತ್ತಿಲ್ಲ. ಈಗ ಯಾಕ ನೀಲಿ ಮಾಡಾಕತ್ತೀರಿ?"

ನೋಡಲು ಬಂದ ನೆಂಟರು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡು ಹಿಂದಿರುಗುತ್ತಿದ್ದರು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಂತೂ ಆ ನೇರಳೆ ಕಿಟಕಿ ನೋಡಿ ಬೇರೆಯೇ ಸಂಶಯ. ಇಂಥ ದೀಪ ಹಾಕಿ ಒಳಗೆ ಗಾಂಜಾ ಬೆಳೆಯುತ್ತಿದ್ದಾರೆಂದು ಅವರ ಲೆಕ್ಕ! ಬೆಲ್ ಒತ್ತಿ, "ಲೋಪಲ ಏಂ ಪೆಂಚುತುನ್ನಾರು ಸಾರ್?" ಎಂದು ತೆಲುಗಿನಲ್ಲಿ ವಿಚಾರಣೆ ಶುರುಮಾಡಿದರು. ಒಳಗೆ ಏನು ಬೆಳೆಸುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಕಾಕಾ ಅವರ ಕೈ ಹಿಡಿದು ಒಳಗೆ ಕರೆತಂದರು. ಕಾರ್ಯದರ್ಶಿ ತುಳಸಿಯನ್ನು ನೋಡಿದರು, ಕಾಕುವನ್ನು ನೋಡಿದರು. ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು ಗಿಡಕ್ಕೆ ಕೈಮುಗಿದರು.

ನೇರಳೆ ಹೋಗಿ ಬಿಳಿ ಬಂತು. ಬಿಳಿಯಲ್ಲೂ ಹಳದಿ ಬಿಳಿ, ಹಾಲು ಬಿಳಿ, ಆಸ್ಪತ್ರೆ ಬಿಳಿ ಅಂತ ಜಾತಿಗಳು. ಆಸ್ಪತ್ರೆ ಬಿಳಿ ಕಾಕುವೇ ಬೇಡವೆಂದರು. ಅಲ್ಲಿಂದ ತಪ್ಪಿಸಿಕೊಂಡು ಬಂದದ್ದೇ ಸಾಕಾಗಿತ್ತು ಅವರಿಗೆ. ಕೊನೆಗೆ ಹಾಲು ಬಿಳಿ ಪಟ್ಟಿಗಳನ್ನು ಕಾಕಾ ಹಳೆಯ ಕೇರಂ ಬೋರ್ಡಿನ ಬೆನ್ನಿಗೆ ಸಾಲಾಗಿ ಅಂಟಿಸಿ ತೂಗುಹಾಕಿದರು. ಮರಕ್ಕೆ ಬಿಸಿಯನ್ನು ಎಳೆದುಕೊಳ್ಳುವ ಗುಣ ಎಲ್ಲಿದೆ? ಪಟ್ಟಿಗಳು ಕಾದು, ಅಂಟು ಕರಗಿ, ಒಂದೊಂದಾಗಿ ಹಾವಿನ ಹಾಗೆ ಕೆಳಗಿಳಿದವು. ಕಾಕು ಮಲಗಿದಲ್ಲಿಂದಲೇ ಕೂಗಿದರು, "ಸೂರ್ಯ ಮುಳುಗಿದಾ ನೋಡ್ರಿ!"

ಬಿಸಿಯನ್ನು ಹೀರಿ ಗಾಳಿಗೆ ಬಿಡುವುದು ಅಲ್ಯೂಮಿನಿಯಂ ಎಂದು ಕಾಕಾ ಕಂಡುಕೊಂಡ ಮೇಲೆ ನಮ್ಮ ಸವಾರಿ ಸನತ್‌ನಗರಕ್ಕೆ ಹೊರಟಿತು. ಅಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯವನು, "ಖಿಡಕೀ ಕಿತ್ನೀ ಬಡೀ ಹೈ, ಸಾಬ್?" ಎಂದು ಕಿಟಕಿಯ ಅಳತೆ ಕೇಳಿದ.

"ಖಿಡಕೀ ನಹೀಂ ಬಾಬಾ, ಸೂರಜ್ ಬನಾನಾ ಹೈ!" ಅಂದರು ಕಾಕಾ. ಕಿಟಕಿಯಲ್ಲ, ಸೂರ್ಯನನ್ನು ಮಾಡಿಸಬೇಕೆಂದ ಗಿರಾಕಿಯನ್ನು ಬಿಟ್ಟು ಅಂಗಡಿಯವನು ನನ್ನ ಮುಖ ನೋಡಿದ. ನಾನು ಸ್ಕೂಟರಿನ ಮುಖ ನೋಡಿದೆ.

ಅಲ್ಯೂಮಿನಿಯಂ ಪಟ್ಟಿ ಬಂತು, ನಡುನಡುವೆ ಗಾಳಿಯಾಡಲು ಸಂದು ಬಂತು, ಮೇಲೊಂದು ಕಂಪ್ಯೂಟರಿನ ಪುಟ್ಟ ಫ್ಯಾನು ಬಂತು. ಕಡ್ಡಿಯ ಗೆಣ್ಣುಗಳಲ್ಲಿ ಹಸಿರು ಚುಕ್ಕಿ ಮೂಡಿತು, ಚುಕ್ಕಿ ಎಲೆಯಾಯಿತು. ಕಾಕುವಿನ ಕೈಕಾಲು ಸಣ್ಣಗಾದಷ್ಟೂ ಗಿಡ ತುಂಬಿಕೊಳ್ಳುತ್ತಿತ್ತು.

ಕಾಕಾನಿಗೆ ಮಾತ್ರ ತೃಪ್ತಿಯೆಂಬುದಿಲ್ಲ! "ಇದು ಬರೇ ನೀರಿನ ಚಿಗುರು, ದಳದಾಗ ದಮ್ಮಿಲ್ಲ" ಅನ್ನುತ್ತಿದ್ದರು. ಕಟ್ಟಿದ್ದನ್ನು ಬಿಚ್ಚುತ್ತಿದ್ದರು. ಇನ್ನೊಂದು ಸಾಲು ಸೇರಿಸಿ, ಮರುದಿನ ತೆಗೆಯುತ್ತಿದ್ದರು. ಫ್ಯಾನು ಬದಲಾಯಿತು, ಸಂದು ದೊಡ್ಡದಾಯಿತು. ಆದರೂ "ಭಾಳ ಬಿಸಿ ಆಗಾಕತ್ತೈತಿ" ಎಂಬ ದೂರು ನಿಲ್ಲಲಿಲ್ಲ. ಮಾದಾಪುರದ ಆಫೀಸಿನಿಂದ ನೇರವಾಗಿ ಕಾಕಾನ ಮನೆಗೆ ಹೋಗಿ ಹೋಗಿ ನನಗೆ ತಲೆ ಚಿಟ್ಟುಹಿಡಿಯಿತು. ಒಂದು ಸಂಜೆ ಸಿಟ್ಟಿನಲ್ಲೇ ಸ್ಟೂಲು ಹತ್ತಿ ಅಲ್ಯೂಮಿನಿಯಂ ಮೇಲೆ ಅಂಗೈ ಊರಿದೆ.

"ಕಾಕಾ, ಎಲ್ಲಿ ಬಿಸಿರಿ? ತಣ್ಣಗ ಐತಲ್ಲ!"

ಕಾಕಾ ನನ್ನ ಶರಟು ಹಿಡಿದು ಕೆಳಗಿಳಿಸಿ, ಅಡಿಗೆಮನೆಗೆ ಎಳೆದುಕೊಂಡು ಹೋದರು.

"ಒದರಬ್ಯಾಡೋ, ಅಕೀಗೆ ಕೇಳಸ್ತೈತಿ. ಅದು ತಣ್ಣಗಾಗಿ ಭಾಳ ದಿನಾ ಆತು. ದೀಪ ಸರಿ ಆತು ಅಂದ್ರ ಗಿಡ ಸರಿ ಆತು ಅಂದಂಗ. ಗಿಡ ಸರಿ ಆತು ಅಂದ್ರ..." ಕಾಕಾ ನಲ್ಲಿ ತಿರುಗಿಸಿ ಮುಖ ತೊಳೆದರು. ನಾನು ಟವೆಲ್ ಕೊಟ್ಟೆ, ಅವರು ಅದನ್ನು ಹೆಗಲಿಗೆ ಹಾಕಿಕೊಂಡರು.

ಕೋಣೆಯಿಂದ ಕಾಕುವಿನ ದನಿ ಬಂತು. ಸೋತ, ತೆಳ್ಳಗಿನ ದನಿ. "ಏನ್ರಿ, ಇನ್ನೂ ಬಿಸಿ ಐತೇನ್ರಿ ಅದು?"

ಕಾಕಾ ಬಾಗಿಲಿಗೆ ಬಂದು ನಿಂತರು. ನಾನೂ ಹಿಂದೆ ಬಂದೆ. ಮಂಚದ ಎದುರಿಗೇ ತುಳಸಿ, ಕುಂಡ ಕಾಣದಷ್ಟು ದಟ್ಟವಾಗಿ ಹಬ್ಬಿತ್ತು. ಕಾಕು ಅದನ್ನೇ ನೋಡುತ್ತ ಮಲಗಿದ್ದರು.

"ಹೂಂ," ಅಂದರು ಕಾಕಾ, "ಭಾಳ ಬಿಸಿ ಐತಿ."

ಕಾಕು ಗಿಡದಿಂದ ಕಣ್ಣು ತೆಗೆದು ಗಂಡನ ಒದ್ದೆ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಹಂಗಾದ್ರ ಇನ್ನೊಂದಿಷ್ಟು ದಿನಾ ಇರ್ತೀನಿ ಬಿಡ್ರಿ."