ಹಾಲು ಕುಡಿದ ಕಾರು

ಮುನಿಸ್ವಾಮಿ ತೀರಿಕೊಂಡ ಸುದ್ದಿ ಅಪ್ಪಯ್ಯಣ್ಣನಿಗೆ ತಿಳಿದದ್ದು ಅವನನ್ನು ಬೈಯುತ್ತಿರುವಾಗ. ಬೆಳಗ್ಗೆ ಪೂಜೆ ಮುಗಿಸಿ, ಹಣೆಗೆ ಕುಂಕುಮವಿಟ್ಟುಕೊಂಡು ಹೊರಗೆ ಬಂದು ಕಾರಿನ ಕೀಲಿ ತಿರುಗಿಸಿದರೆ, ಅದು ಹರಿಕತೆಗೆ ನಿಂತ ದಾಸರು ಗಂಟಲು ಸರಿಮಾಡಿಕೊಂಡ ಹಾಗೆ ಕೆಮ್ಮಿ ಸುಮ್ಮನಾಯಿತು. ಕೂಡಲೇ ಅವನು ನಂದಗುಡಿಯ ಮೆಕ್ಯಾನಿಕ್ ಮುನಿಸ್ವಾಮಿಗೆ ಫೋನು ಮಾಡಿದ. ಆ ಕಡೆ ಎತ್ತಿದ ಸದ್ದು ಕೇಳಿದ್ದೇ ತಡ, "ಏನಯ್ಯಾ ಮುನಿಸಾಮಿ, ಇನ್ನೂ ಮಲ್ಗಿದ್ದೀಯಾ? ನಿನ್ನ ಮಗಳು ಮತ್ತೆ ಹಟ ಹಿಡಿದವಳೆ, ಎದ್ದು ಬಾ," ಎಂದ. ಮುನಿಸ್ವಾಮಿ ಆ ಕಾರನ್ನು ಮಗಳು ಎಂದೇ ಕರೆಯುತ್ತಿದ್ದ.

ಫೋನು ಹಿಡಿದಿದ್ದವಳು ಅವನ ಹೆಂಡತಿ ಜ್ಯೋತಿಲಕ್ಷ್ಮಿ. "ಅವರು ಇನ್ನ ಏಳಲ್ಲ ಕಣಣ್ಣ," ಎಂದಳು.

ರಾತ್ರಿ ಎದೆನೋವು ಬಂದಿತ್ತಂತೆ. ಏರ್‌ಪೋರ್ಟ್ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರೂ ಬೆಳಕು ಹರಿಯುವ ಮೊದಲೇ ಎಲ್ಲ ಮುಗಿದಿತ್ತು. ಮಗ ಅಶೋಕ ಅಲ್ಲೇ ಇದ್ದಾನೆ, ಮಧ್ಯಾಹ್ನದ ಹೊತ್ತಿಗೆ ಊರಿಗೆ ತರುತ್ತಾನೆ, ಹೊತ್ತು ಮುಳುಗುವುದರೊಳಗೆ ಹೊಲದಲ್ಲಿ ಮಣ್ಣು ಮಾಡುತ್ತಾರೆ ಎಂದು ಜ್ಯೋತಿಲಕ್ಷ್ಮಿ ತಡೆದು ತಡೆದು ಹೇಳಿದಳು. ಕೊನೆಗೆ ಒಂದೇ ಒಂದು ಮಾತು ಬೇಡಿಕೊಂಡಳು. "ಮುನೆಂಕಟಕ್ಕನ್ನ ಹೆಂಗಾದ್ರೂ ಮಾಡಿ ಕರ್ಕೊಂಡ್ ಬಾ ಅಣ್ಣ. ಅಕ್ಕ ತಮ್ಮನ ಮುಖ ನೋಡ್ದೆ ಮಣ್ಣು ಮಾಡ್ಬಿಟ್ರೆ ನಂಗೆ ಈ ಜನ್ಮಕ್ಕೆ ಸಮಾಧಾನ ಇರಲ್ಲ."

ಮುನಿವೆಂಕಟಮ್ಮ ಮುನಿಸ್ವಾಮಿಯ ಅಕ್ಕ. ಕುಂದಾಣಕ್ಕೆ ಸೊಸೆಯಾಗಿ ಬಂದವಳು, ಅಪ್ಪಯ್ಯಣ್ಣನ ನೆರೆಮನೆಯವಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಎರಡೂ ಮಂಡಿ ಹೋಗಿ, ಬಸ್ಸಿನ ಮೆಟ್ಟಿಲು ಅವಳ ಪಾಲಿಗೆ ನಂದಿಬೆಟ್ಟವಾಗಿತ್ತು. ಅಪ್ಪಯ್ಯಣ್ಣ ಹೋಗಿ ಹೇಳಿದಾಗ ಅವಳು ಅಳಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು, ಕೊಟ್ಟಿಗೆಗೆ ಹೋಗಿ ಹಸುವಿನ ಹಾಲು ಕರೆದಳು. ಮಣ್ಣಿಗಿಡುವ ಮೊದಲು ಒಡಹುಟ್ಟಿದವರು ಸತ್ತವರ ಬಾಯಿಗೆ ಹಾಲು ಬಿಡಬೇಕು. ತನ್ನ ಕೈಯಾರೆ ಕರೆದ ಹಾಲನ್ನೇ ಬಿಡಬೇಕೆಂದು ಅವಳ ಮನಸ್ಸು. ಸ್ಟೀಲಿನ ಕ್ಯಾನಿಗೆ ಹಾಲು ತುಂಬಿ, ಮೇಲೊಂದು ಒಗೆದ ಬಟ್ಟೆ ಕಟ್ಟಿ, ಬಂದು, ಮಗುವನ್ನು ಹಿಡಿದ ಹಾಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು.

ಆ ಕಾರಿನ ವಿಷಯ ಹೇಳಬೇಕು. ಅಪ್ಪಯ್ಯಣ್ಣ ರೇಷ್ಮೆ ಇಲಾಖೆಯಲ್ಲಿ ಕೆಲಸಕ್ಕಿದ್ದಾಗ ಕೊಂಡ ಗಾಡಿ ಅದು. ಮೀಟರು ಓಡಿ ಓಡಿ ಸೊನ್ನೆಗೆ ಬಂದು ಮತ್ತೆ ಮೊದಲಿಂದ ಎಣಿಸತೊಡಗಿದಾಗ ಮುನಿಸ್ವಾಮಿ ಅದಕ್ಕೆ ಪುನರ್ಜನ್ಮವಾಯಿತೆಂದು ತೆಂಗಿನಕಾಯಿ ಒಡೆದಿದ್ದ. ಎಡಕ್ಕೆ ತಿರುಗಿದರೆ ಹಾರ್ನು ತಾನೇ ಕೂಗುತ್ತಿತ್ತು, ಕೂಗಬೇಕಾದಾಗ ಮೌನವ್ರತ. ಹಿಂದಿನ ಬಾಗಿಲಿಗೆ ಲಾಡಿ ಕಟ್ಟಿತ್ತು. ಪೆಟ್ರೋಲ್ ಟ್ಯಾಂಕು ಸೋರಿದರೆ ಮುನಿಸ್ವಾಮಿ ಬಟ್ಟೆ ಸೋಪು ಮೆತ್ತುತ್ತಿದ್ದ, ಬೆಲ್ಟು ಹರಿದರೆ ಹಳೇ ಸೀರೆಯ ಅಂಚು ಸುತ್ತುತ್ತಿದ್ದ. ಯಾವ ಪುಸ್ತಕದಲ್ಲೂ ಇಲ್ಲದ ಈ ವೈದ್ಯಕ್ಕೆ ಕಾರು ಹೇಗೋ ಬಗ್ಗುತ್ತಿತ್ತು. ಅವನು ಬಾನೆಟ್ಟಿನೊಳಗೆ ತಲೆಯಿಟ್ಟು ಏನೋ ಗೊಣಗುತ್ತಿದ್ದ, ಕಾರು ಹೊರಡುತ್ತಿತ್ತು. ಏನು ಗೊಣಗುತ್ತಿದ್ದನೆಂಬುದನ್ನು ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ಈಗ ಅಪ್ಪಯ್ಯಣ್ಣನ ಬಾಗಿಲಲ್ಲಿ ಬೀದಿಯೇ ನೆರೆಯಿತು. ದೊಡ್ಡಬೀರಪ್ಪ ಬ್ಯಾಟರಿ ಸತ್ತಿದೆ ಎಂದ, ಸಾವಿನ ಮನೆಗೆ ಹೊರಟವರ ಮುಂದೆ ಆ ಮಾತಾಡಿದ್ದಕ್ಕೆ ತಾನೇ ನಾಲಗೆ ಕಚ್ಚಿಕೊಂಡ. ಆದಿಲಕ್ಷ್ಮಮ್ಮ ಚಕ್ರದಡಿಗೆ ನಿಂಬೆಹಣ್ಣು ಇಡಲೇಬೇಕೆಂದಳು. ಅವಳ ಮೊಮ್ಮಗಳು ಸಿಂಚನ ಫೋನಿನಲ್ಲಿ ಟ್ಯಾಕ್ಸಿ ಹುಡುಕಿದಳು. ಸುತ್ತಮುತ್ತಲಿನ ಟ್ಯಾಕ್ಸಿಗಳೆಲ್ಲ ಏರ್‌ಪೋರ್ಟಿನ ಕಡೆಗೇ ಮುಖ ಮಾಡಿದ್ದವು. ನಂದಗುಡಿ ಎಂದರೆ ಒಬ್ಬನೂ ಒಪ್ಪಲಿಲ್ಲ. ಹೀಗೇ ಮಧ್ಯಾಹ್ನವಾಗಿಹೋಯಿತು, ಕೊನೆಗೆ ಎಲ್ಲರೂ ಸೇರಿ ಗುಡಿಯ ಇಳಿಜಾರಿನವರೆಗೆ ತಳ್ಳಿದರು. ಇಳಿಜಾರಿನಲ್ಲಿ ಕಾರು ಗುಡುಗಿ, ಕರೀ ಹೊಗೆ ಬಿಟ್ಟು ಹೊರಟಿತು. ತಳ್ಳಿದವರೆಲ್ಲ ಕಾಡಿಗೆ ಡಬ್ಬಿಗೆ ಮುಖವಿಟ್ಟವರಂತೆ ಕಂಡರು. ನಿಲ್ಲಿಸಬೇಡ, ಎಲ್ಲೂ ನಿಲ್ಲಿಸಬೇಡ ಎಂದು ಅವರು ಹಿಂದಿನಿಂದ ಕೂಗುತ್ತಿದ್ದುದು ಬಹಳ ದೂರ ಕೇಳಿಸಿತು.

ದೇವನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಪೊಲೀಸಿನವನು ಕೈ ಅಡ್ಡ ಹಿಡಿದ. ಮುನಿವೆಂಕಟಮ್ಮ ಕಿಟಕಿಯಿಂದ ತಲೆ ಹಾಕಿ, "ನಿಲ್ಸಿದ್ರೆ ನೀನೇ ತಳ್ಬೇಕಾಯ್ತದೆ ನೋಡಪ್ಪ," ಎಂದಳು. ಅವನು ಕಾರನ್ನೊಮ್ಮೆ, ತನ್ನ ಬಿಳಿ ಅಂಗಿಯನ್ನೊಮ್ಮೆ ನೋಡಿಕೊಂಡು ಕೈ ಇಳಿಸಿದ.

ಸೂಲಿಬೆಲೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಮೊದಲು ಊದುಬತ್ತಿಯ ಹೊಗೆಯಷ್ಟು, ಆಮೇಲೆ ಸಮಾರಾಧನೆಯ ಅಡಿಗೆಮನೆಯಷ್ಟು. ಕಾರು ತಾನಾಗಿಯೇ ಒಂದು ಹೊಂಗೆಮರದ ನೆರಳು ಹುಡುಕಿಕೊಂಡು ನಿಂತಿತು. ಅಪ್ಪಯ್ಯಣ್ಣ ಮುನಿವೆಂಕಟಮ್ಮನನ್ನು ಇಳಿಸಿ ಮರದ ಬುಡದಲ್ಲಿ ಕೂರಿಸಿ, ಖಾಲಿ ಬಾಟಲಿ ಹಿಡಿದು, ದೂರದಲ್ಲಿ ಕಾಣುತ್ತಿದ್ದ ಬೋರ್‌ವೆಲ್ಲಿನ ಕಡೆಗೆ ನೀರಿಗೆಂದು ನಡೆದ. ಅವಳು ಕಣ್ಣು ಮುಚ್ಚಿ ನಾರಾಯಣನನ್ನು ನೆನೆಯುತ್ತ ಕೂತಳು.

ಆ ಹೊತ್ತಿಗೆ ಮೊಪೆಡ್ಡಿನ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು ಕೆಂಪರಾಜು ಬಂದ. ಪಕ್ಕದ ಹಳ್ಳಿಯ ರೈತ, ಪರೋಪಕಾರಿ. ಕೆಟ್ಟು ನಿಂತ ಗಾಡಿಯನ್ನು ಕಂಡರೆ ಅವನಿಗೆ ಕೈ ಕಡಿಯುತ್ತಿತ್ತು. ಮುದುಕಿ ಜಪದಲ್ಲಿದ್ದಾಳೆ, ಗಾಡಿ ಕುದಿಯುತ್ತಿದೆ, ಸೀಟಿನ ಮೇಲೆ ಬಟ್ಟೆ ಕಟ್ಟಿದ ಕ್ಯಾನು ಸಿದ್ಧವಾಗಿದೆ. ಅವನು ಹೆಗಲಿನ ಟವಲಿನಿಂದ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿ, ಕ್ಯಾನಿನಲ್ಲಿದ್ದದ್ದನ್ನೆಲ್ಲ ಅದರ ಬಾಯಿಗೆ ಸುರಿದ.

ಅಪ್ಪಯ್ಯಣ್ಣ ನೀರು ಹಿಡಿದು ಬರುವಾಗ, ಹೊಸ ಮನೆಯ ಗೃಹಪ್ರವೇಶದಲ್ಲಿ ಉಕ್ಕಿಸಿದ ಹಾಗೆ ಹಾಲು ನೊರೆನೊರೆಯಾಗಿ ಉಕ್ಕಿ ಕಾರಿನ ಮುಂದಿನ ದೀಪಗಳ ಮೇಲೆ ಇಳಿಯುತ್ತಿತ್ತು. ಸುತ್ತೆಲ್ಲ ಕಾಯಿಸಿದ ಹಾಲಿನ ಘಮ. ಕೆಂಪರಾಜು ಖಾಲಿ ಕ್ಯಾನು ಹಿಡಿದು ಕಲ್ಲಾಗಿ ನಿಂತಿದ್ದ.

"ದಿನಾ ಡೇರಿಗೆ ಹಾಲು ಹಾಕೋನು ಕಣಕ್ಕ ನಾನು. ನಾವು ಹಾಕೋ ಹಾಲು ಇಷ್ಟು ಗಟ್ಟಿ ಇರಲ್ಲ. ಇಂಜಿನ್ ತಣ್ಣಗಾಗಕ್ಕೆ ಹಾಕೋದು, ಅದ್ಯಾವುದೋ ಕೂಲಂಟು ಅಂತಾರಲ್ಲ, ಅದೇ ಅನ್ಕೊಂಡ್ಬಿಟ್ಟೆ," ಎಂದ.

ಅದು ಯಾವ ಹಾಲು, ಯಾರ ಬಾಯಿಗೆಂದು ತಂದದ್ದು ಎಂದು ಅಪ್ಪಯ್ಯಣ್ಣ ಹೇಳಿದಾಗ ಕೆಂಪರಾಜುವಿನ ಮುಖ ನೋಡಲಾಗುತ್ತಿರಲಿಲ್ಲ. ಮುನಿವೆಂಕಟಮ್ಮ ಮಾತ್ರ ಬೈಯಲಿಲ್ಲ. ಕ್ಯಾನು ಇಸಿದುಕೊಂಡು, ಒಳಗೆ ನೋಡಿ, ಬಟ್ಟೆಯನ್ನು ಮಡಿಸಿ ಅದರೊಳಗಿಟ್ಟಳು.

"ಸತ್ತೋರ ಬಾಯಿಗೆ ತಾನೆ ಹಾಲು ಬಿಡೋದು. ಈ ಕಾರು ನನ್ನ ತಮ್ಮನ ಜತೇಲೇ ಸತ್ತೋಗದೆ. ನೀನು ಸರಿಯಾಗೇ ಬಿಟ್ಟಿದ್ದೀಯ, ಬಿಡಪ್ಪ," ಎಂದಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಅವಳ ಮಾತು ನಿಜವೇ ಆಗಿತ್ತು. ಅಪ್ಪಯ್ಯಣ್ಣ ಕೀಲಿ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಆಮೇಲೆ ಏನೂ ಇಲ್ಲ. ಮುನಿಸ್ವಾಮಿ ಮಾಡುತ್ತಿದ್ದ ಹಾಗೆ ಬಾನೆಟ್ಟಿನೊಳಗೆ ಕೈಯಿಟ್ಟು ಅಲ್ಲಿ ಎಳೆದ, ಇಲ್ಲಿ ಒತ್ತಿದ, ಮೊಣಕೈವರೆಗೆ ಗ್ರೀಸು ಬಳಿದುಕೊಂಡ. ಕೊನೆಗೆ ನಾಚಿಕೆ ಬಿಟ್ಟು ಏನೋ ಗೊಣಗಿಯೂ ನೋಡಿದ. ಕಾರು ಅವನನ್ನು ಗುರುತಿಸಲಿಲ್ಲ. ಅಶೋಕನಿಗೆ ಫೋನು ಮಾಡಿದರೆ ಸ್ವಿಚ್ ಆಫ್, ಮುನಿಸ್ವಾಮಿಯ ಮನೆಗೆ ಮಾಡಿದರೆ ಯಾರೂ ಎತ್ತಲಿಲ್ಲ. ಸಾಲದ್ದಕ್ಕೆ, ಹೂವು ಹಾಕಿದ ಹೆಣದ ಗಾಡಿಯೊಂದು ನಂದಗುಡಿ ಕಡೆಗೆ ಆಗಲೇ ಹೋದದ್ದನ್ನು ಕಂಡೆನೆಂದು ಕೆಂಪರಾಜು ಹೇಳಿದ. ಬಿಸಿಲು ಬಾಗುತ್ತಿತ್ತು. ಮೊಪೆಡ್ಡಿನ ಮೇಲೆ ಮುನಿವೆಂಕಟಮ್ಮ ಕೂರಲಾರಳು, ಅಪ್ಪಯ್ಯಣ್ಣನನ್ನಾದರೂ ಬಿಟ್ಟುಬರುತ್ತೇನೆಂದು ಕೆಂಪರಾಜು ಅಂಗಲಾಚಿದ.

"ನೀನಾದ್ರೂ ಹೋಗು ಅಪ್ಪಯ್ಯ. ನನ್ನ ಪಾಲಿನ ಮಣ್ಣನ್ನ ನೀನೇ ಹಾಕ್ಬಿಡು," ಎಂದಳು ಅವಳು.

"ನಿನ್ನ ಇಲ್ಲಿ ಬಿಟ್ಟು ಅವನ ಮುಂದೆ ಹೋಗಿ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳಲಿ ಅಕ್ಕ?" ಎಂದು ಅಪ್ಪಯ್ಯಣ್ಣ ಅವಳ ಪಕ್ಕದಲ್ಲೇ ಕೂತುಬಿಟ್ಟ.

ಕೆಂಪರಾಜು ಪಾಪ ಪರಿಹಾರಕ್ಕೆಂಬಂತೆ ರಸ್ತೆಯ ನಡುವೆ ಕೈ ಚಾಚಿ ನಿಂತ. ಸಿಮೆಂಟಿನ ಲಾರಿ ಅವನನ್ನು ಬಳಸಿಕೊಂಡು ಹೋಯಿತು. ಟೊಮೇಟೊ ಟೆಂಪೊದವನು ಬೈದು ಹೋದ. ಕೊನೆಗೆ ಬಿಳಿಯ ವ್ಯಾನೊಂದು ಅವನ ಮೂಗಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಮುಂದುಗಡೆ ಚೆಂಡುಹೂವಿನ ಹಾರ. ಡ್ರೈವರಿನ ಪಕ್ಕದಿಂದ ಕೆಳಗಿಳಿದವನು ಅಶೋಕ.

ಕೆಂಪರಾಜು ಕಂಡದ್ದು ಬೇರೆ ಯಾರದೋ ಗಾಡಿ. ಆಸ್ಪತ್ರೆಯ ಕಾಗದಪತ್ರ ಮುಗಿದು ಮುನಿಸ್ವಾಮಿ ಹೊರಟದ್ದೇ ತಡವಾಗಿತ್ತು. ಆಗಲೇ ಮಣ್ಣಾಗಿದ್ದಾನೆಂದು ಇವರು ಅಳುತ್ತ ಕೂತಿದ್ದರೆ, ಅವನು ಇವರ ಹಿಂದೆಯೇ ಬರುತ್ತಿದ್ದ.

ಅಶೋಕ ಅತ್ತೆಯ ಕೈ ಹಿಡಿದು ಕರೆದೊಯ್ದು ಹಿಂಬಾಗಿಲು ತೆಗೆದ. ಅವಳು ರಸ್ತೆಯಲ್ಲೇ ನಿಂತು ತಮ್ಮನ ಮುಖ ನೋಡಿದಳು, ಕೆನ್ನೆ ಸವರಿದಳು. ಒಳಗೆ ಹತ್ತಲು ಮಂಡಿ ಬಿಡಲಿಲ್ಲ, ಮುಂದಿನ ಸೀಟೂ ಅವಳಿಗೆ ಹತ್ತಲಾಗದಷ್ಟು ಎತ್ತರವಿತ್ತು. ಹೀಗಾಗಿ ಕಾರನ್ನೇ ವ್ಯಾನಿಗೆ ಕಟ್ಟುವುದೆಂದು ಅಶೋಕ ತೀರ್ಮಾನಿಸಿದ. ಡ್ರೈವರು ಇದು ತನ್ನ ಕೆಲಸವಲ್ಲ, ತನ್ನ ಗಾಡಿ ಎಂದೂ ಬೇರೆ ಗಾಡಿ ಎಳೆದದ್ದಿಲ್ಲ ಎಂದು ತಕರಾರು ತೆಗೆದ. "ಒಳಗಡೆ ಇರೋರ ಕೆಲಸ ಇದೇ ಆಗಿತ್ತು ಕಣಣ್ಣ. ಅವರನ್ನ ಕೂರಿಸ್ಕೊಂಡು ಈ ಕಾರು ಬಿಟ್ಟು ಹೋಗ್ತೀರಾ?" ಎಂದು ಅಶೋಕ ಕೇಳಿದ ಮೇಲೆ ಅವನು ವ್ಯಾನನ್ನು ಕಾರಿನ ಮುಂದಕ್ಕೆ ತಂದು ನಿಲ್ಲಿಸಿದ. ಕೆಂಪರಾಜು ತನ್ನ ಹುಲ್ಲಿನ ಹೊರೆಯನ್ನು ರಸ್ತೆ ಬದಿಗೆ ಚೆಲ್ಲಿ ಹಗ್ಗ ಬಿಚ್ಚಿ ಕೊಟ್ಟ.

ಮುಂದೆ ಮುನಿಸ್ವಾಮಿ, ಹಿಂದೆ ಅಪ್ಪಯ್ಯಣ್ಣ, ಅವನ ಪಕ್ಕದಲ್ಲಿ ಮುನಿವೆಂಕಟಮ್ಮ. ದಾರಿಯಲ್ಲಿ ಜನ ವ್ಯಾನಿಗೆ ಕೈ ಮುಗಿದು, ಬಾಲದ ಹಾಗೆ ಬರುತ್ತಿದ್ದ ಕಾರಿಗೂ ಮುಗಿಯಬೇಕೋ ಬೇಡವೋ ತಿಳಿಯದೆ ಅರ್ಧ ಎತ್ತಿದ ಕೈಯಲ್ಲೇ ನಿಲ್ಲುತ್ತಿದ್ದರು. ಎಡ ತಿರುವು ಬಂದಾಗಲೆಲ್ಲ ಹಾರ್ನು ಮಾತ್ರ ಒಂದು ಸಲ ನರಳುತ್ತಿತ್ತು. ಅಪ್ಪಯ್ಯಣ್ಣ ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು, ವ್ಯಾನಿನ ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದ ಆ ಎರಡು ಪಾದಗಳನ್ನು ನೋಡುತ್ತ ಬಂದ. ವರ್ಷಾನುಗಟ್ಟಲೆ ಕಾರಿನ ಅಡಿಯಿಂದ ಹೊರಗೆ ಚಾಚಿಕೊಂಡಿದ್ದ ಪಾದಗಳು ಅವು. ಮುಖಕ್ಕಿಂತ ಅವನಿಗೆ ಅವೇ ಹೆಚ್ಚು ಗುರುತು.

ಮನೆಯ ಮುಂದೆ ಇಳಿಸಿ ಸ್ನಾನ ಮಾಡಿಸಿದರು. ಜ್ಯೋತಿಲಕ್ಷ್ಮಿ ಮನೆಯ ಹಾಲನ್ನೇ ಒಂದು ಲೋಟದಲ್ಲಿ ತಂದು ಅತ್ತಿಗೆಯ ಕೈಗಿಟ್ಟಳು. ಮುನಿವೆಂಕಟಮ್ಮ ಬೆರಳಿನಿಂದ ತಮ್ಮನ ತುಟಿ ತೇವ ಮಾಡಿ, ಬಾಗಿ, "ಬಂದೆ ಕಣಪ್ಪ. ನೀನೇ ಎಳ್ಕೊಂಡ್ ಬಂದೆ," ಎಂದಳು.

ಹೊಲದಲ್ಲಿ ಮಣ್ಣು ಹಾಕುವಾಗ ಅಪ್ಪಯ್ಯಣ್ಣನ ಅಂಗೈಯ ಗ್ರೀಸಿಗೆ ಮಣ್ಣು ಅಂಟಿಕೊಂಡು ಪೂರ್ತಿ ಬೀಳಲಿಲ್ಲ. ಅವನು ಮತ್ತೆ ಮತ್ತೆ ಕೈ ಒದರಿದ. ಉಳಿದದ್ದು ಉಳಿದೇ ಇತ್ತು.

ಮಿಂದು ಬರುವಾಗ ಕಾರು ಬೀಗ ಹಾಕಿದ ರಿಪೇರಿ ಷೆಡ್ಡಿನ ಮುಂದೆ ನಿಂತಿತ್ತು, ಮುನಿಸ್ವಾಮಿಗಾಗಿ ಕಾಯುತ್ತಿದ್ದ ಒಂದು ಜೀಪು, ಒಂದು ಟ್ರ್ಯಾಕ್ಟರಿನ ಹಿಂದೆ ಸಾಲಿನಲ್ಲಿ. ತನಗೆ ಪಂಚರು ಹಾಕುವುದಕ್ಕೂ ಬಾರದು ಎಂದು ಅಶೋಕ ತಲೆ ತಗ್ಗಿಸಿದ. ಹಗ್ಗ ಬಿಚ್ಚಿದ ಡ್ರೈವರು, ತಾನು ದೇವನಹಳ್ಳಿ ಕಡೆಗೇ ಹೋಗುವವನು, ಹಿಂದೆ ಖಾಲಿ ಇದೆ, ಬರುತ್ತೀರಾ ಎಂದು ಸಹಜವಾಗಿ ಕೇಳಿದ.

"ಇವತ್ತು ಬೇಡಪ್ಪ," ಎಂದ ಅಪ್ಪಯ್ಯಣ್ಣ.

ಆಮೇಲೆ ಹೊಲದ ಕಡೆಗೆ ತಿರುಗಿ, ಒದ್ದೆ ಬಟ್ಟೆಯಲ್ಲೇ ನಿಂತು ಕೈ ಮುಗಿದ. ಸ್ವಾಮೀ ನಾರಾಯಣ, ಬದುಕಿದ್ದಷ್ಟು ದಿನ ಊರವರ ಗಾಡಿಗಳ ಅಡಿಯಲ್ಲಿ ಮಲಗಿದವನು ಇವನು. ಇನ್ನಾದರೂ ನಿನ್ನ ಪಾದದ ಹತ್ತಿರ, ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲದ ಕಡೆ ಮಲಗಲಿ. ಅಲ್ಲಿ ಯಾವ ದೇವರ ತೇರಾದರೂ ಕೆಟ್ಟು ನಿಂತರೆ, ನಿಂತುಕೊಳ್ಳಲಿ, ಇವನನ್ನು ಎಬ್ಬಿಸಬೇಡ. ಇವನ ಆತ್ಮಕ್ಕೆ ಶಾಂತಿ ಕೊಡು ತಂದೆ.