ಬೆನ್ನ ಹಿಂದಿನ ಊರುಗಳು

ನಮ್ಮ ಕಾಕಾನ ಜೊತೆ ನಾನು ನೋಡದ ಊರಿಲ್ಲ. ತಪ್ಪಾಯಿತು, ಹೋಗದ ಊರಿಲ್ಲ. ನೋಡಿದ್ದು ಮಾತ್ರ ಒಂದೂ ಇಲ್ಲ! ಹೋದಲ್ಲೆಲ್ಲ ನಾವು ನೋಡಿದ್ದು ಕಾಕಾನ ಮುಚ್ಚಿದ ಎಡಗಣ್ಣನ್ನು.

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕಾಕಾ ಒಂದು ಡಬ್ಬಿ ಕ್ಯಾಮೆರಾ ಕೊಂಡದ್ದೇ ನಮ್ಮ ಗ್ರಹಚಾರ. ರಜೆ ಬಂತೆಂದರೆ ಅವನ ಹೆಂಡತಿ ಕಾಕು, ನಾನು, ರೊಟ್ಟಿಯ ಬುತ್ತಿ, ಎಲ್ಲ ಬಸ್ಸಿಗೆ. ಊರು ಮುಟ್ಟಿದೊಡನೆ ಕಾಕಾ ಮೊದಲು ಸೂರ್ಯನನ್ನು ಹುಡುಕುತ್ತಿದ್ದ. ಬಿಸಿಲು ನಮ್ಮ ಮುಖಕ್ಕೆ, ನೋಡಬೇಕಾದದ್ದು ನಮ್ಮ ಬೆನ್ನಿಗೆ. ಇದು ಅವನ ಕಾನೂನು. ಕ್ಲಿಕ್ ಎಂದ ಮೇಲಾದರೂ ತಿರುಗಿ ನೋಡೋಣವೆಂದರೆ, "ನಡೀರಿ ನಡೀರಿ, ಬಸ್ ಹೋಗ್ತದ. ಫೋಟೋ ಬಂದ್ಮ್ಯಾಲ ಮನ್ಯಾಗ ಆರಾಮ ಕುಂತು ನೋಡಿದ್ರಾತು."

ಸೇಡಂ ಕಡೆಯ ಮಳಖೇಡದ ಕೋಟೆಯ ಫೋಟೋ ಬಂತು. ಬಿಸಿಲಿಗೆ ಮುಖ ಕಿವುಚಿಕೊಂಡ ನಾವಿಬ್ಬರು; ನನ್ನ ಕಿವಿಯ ಪಕ್ಕ ಹೆಬ್ಬೆರಳಿನಷ್ಟು ಗೋಡೆ. "ಅದೇ ಕೋಟಿ," ಎಂದ ಕಾಕಾ. ರಾವೂರಿನ ಕಲ್ಲುಗಣಿಯಲ್ಲಂತೂ ಎಲ್ಲವೂ ಫೋಟೋದಲ್ಲಿ ಬರಲೆಂದು ಹಿಂದೆ ಹಿಂದೆ ಸರಿದು, ನೀರು ನಿಂತ ಹಳೆಯ ಗುಂಡಿಗೆ ಸೊಂಟದ ತನಕ ಬಿದ್ದ. ನಾವು ಓಡಿದರೆ, ಕ್ಯಾಮೆರಾ ಮೇಲೆತ್ತಿ ಹಿಡಿದು, "ಯಾರೂ ಅಲುಗಾಡಬ್ಯಾಡ್ರಿ," ಎಂದ!

ಕಾಕುವಿಗೆ ಇದ್ದದ್ದು ಒಂದೇ ಆಸೆ. ವಾಡಿಯ ಧೂಳಿನಲ್ಲಿ, ಒಂದು ಕೊಡ ನೀರಿಗೆ ಸಾಲಿನಲ್ಲಿ ನಿಂತವಳು ಅವಳು. ಚಿಂಚೋಳಿಯ ಗುಡ್ಡದಲ್ಲಿ ನೀರು ಮೇಲಿಂದ ತಾನಾಗಿ ಧುಮುಕುತ್ತದಂತೆ, ಅದನ್ನು ಕಣ್ಣಾರೆ ನೋಡಬೇಕಿತ್ತು. ಹೋದೆವು. ಕಾಕಾ ಎಂದಿನಂತೆ ನಮ್ಮನ್ನು ತಿರುಗಿಸಿ ನಿಲ್ಲಿಸಿದ. ಬೆನ್ನ ಮೇಲೆ ತುಂತುರು, ಕಿವಿ ತುಂಬ ಭೋರೆಂಬ ಸಪ್ಪಳ.

"ನಾ ತಿರುಗಿ ನೋಡ್ತೀನ್ರಿ," ಎಂದಳು ಕಾಕು.

"ಫೋಟೋ ಕೆಡ್ತದ. ತಡಿ."

"ಕೆಟ್ರ ಕೆಡ್ಲಿ."

ಕ್ಲಿಕ್ ಎನ್ನುವ ಹೊತ್ತಿಗೆ ಕಾಕು ತಿರುಗಿಯೇ ಬಿಟ್ಟಳು. ಕಾಕಾ ಕೂಗಿದ, ಬಸ್ಸಿನ ಭಯ ಹಾಕಿದ, ಅವಳು ಕದಲಲಿಲ್ಲ. ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ಕಾಕಾ ನಮ್ಮನ್ನು ಬಿಟ್ಟು ಬೇರೆ ಸೀಟಿನಲ್ಲಿ ಒಬ್ಬನೇ ಕೂತ.

ಫೋಟೋದಲ್ಲಿ ಹಲ್ಲು ಕಿರಿದ ನಾನು, ಪಕ್ಕದಲ್ಲಿ ಕಾಕುವಿನ ತುರುಬು. ಹರಿದೇ ಹಾಕುತ್ತಾನೆ ಎಂದುಕೊಂಡೆ. ಅವನೋ ಅದೊಂದಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟ! ಯಾಕೆಂದು ಕೇಳಿದೆ.

"ಅಲ್ಲಿಗಿ ಮೂರು ಮಂದಿ ಹೋಗಿದ್ವಿ," ಎಂದ. "ನೋಡಿ ಬಂದಾಕಿ ಇಕಿ ಒಬ್ಬಾಕೀನೇ."

ಈಗ ಕಾಕಾ ನಿವೃತ್ತ, ಕ್ಯಾಮೆರಾ ಅಟ್ಟದ ಮೇಲೆ. ಸಂಜೆ ಆ ಫೋಟೋದ ಕೆಳಗೆ ಚಹಾ ಹಿಡಿದು ಕೂತು, "ಏ, ನೀರು ಹ್ಯಾಂಗ ಬೀಳಾಕತ್ತಿತ್ತು, ಮತ್ತೊಮ್ಮಿ ಹೇಳ," ಎನ್ನುತ್ತಾನೆ. ಕಾಕು ಹೇಳುತ್ತಾಳೆ, ಪ್ರತಿ ಸಲವೂ ನೀರು ಇನ್ನಷ್ಟು ಎತ್ತರದಿಂದ ಬೀಳುತ್ತದೆ. ಆಗ ನನಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಕಾಕಾ ಎರಡೂ ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ.