ಮೂರು ಪಾಲಾದ ವಿಶ್ವವಿದ್ಯಾಲಯ

ವಿಧಾನಸೌಧದಲ್ಲಿ ಉನ್ನತ ಶಿಕ್ಷಣಕ್ಕೆ ಅಂತ ಒಂದು ಮಸೂದೆ ಪಾಸಾಯಿತು ಅಂದರೆ, ಯಲಹಂಕದ ಕಡೆಯ ನಮ್ಮ ಸರ್ಕಾರಿ ಕಾಲೇಜಿನಲ್ಲಿ ಯಾರಾದರೂ ಒಬ್ಬರು ತಲೆ ಮೇಲೆ ಕೈ ಹೊತ್ತು ಕೂರುವುದು ಖಚಿತ. ನಾನು ಅಲ್ಲಿ ರಾಜ್ಯಶಾಸ್ತ್ರದ ಮೇಡಂ. ಕಾನೂನು ಹೇಗೆ ಹುಟ್ಟುತ್ತದೆ ಅಂತ ಪಾಠ ಮಾಡುವುದು ನನ್ನ ಕೆಲಸ. ಹುಟ್ಟಿದ ಮೇಲೆ ಅದು ಯಾರ್‍ಯಾರ ಕಾಲು ತುಳಿಯುತ್ತದೆ ಅನ್ನುವುದು ಸಿಲಬಸ್ಸಿನಲ್ಲಿಲ್ಲ. ಅದನ್ನು ನಾನು ಕಾರಿಡಾರಿನಲ್ಲೇ ಕಲಿತೆ. ಅದರಲ್ಲೂ, ಇದ್ದ ವಿಶ್ವವಿದ್ಯಾಲಯ ವಿಪರೀತ ದೊಡ್ಡದಾಯಿತು, ಮೂರು ಮಾಡಿ ಅಂತ ಒಂದು ಕಾನೂನು ಬಂತಲ್ಲ, ಆ ಕಾಲದಲ್ಲಿ ನಾವು ನಕ್ಕಷ್ಟು ಯಾವಾಗಲೂ ನಕ್ಕಿಲ್ಲ. ನಮ್ಮ ಕಾಲೇಜು ಹೊಸದೊಂದು ವಿಶ್ವವಿದ್ಯಾಲಯದ ಪಾಲಿಗೆ ಬಿತ್ತು.

ಪಾಲು

ಸುದ್ದಿ ಪೇಪರಿನಲ್ಲಿ ಬಂದ ದಿನವೇ ಹುಣಸಮಾರನಹಳ್ಳಿಯ ಯಜಮಾನರೊಬ್ಬರು ಮಗನನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. ಮಗ ನಮ್ಮ ಬಿ.ಎ. ವಿದ್ಯಾರ್ಥಿ, ಮೂರು ವಿಷಯದಲ್ಲಿ ಫೇಲು. ಅಪ್ಪನ ಮುಖದಲ್ಲಿ ಮಾತ್ರ ಏನೋ ಭರವಸೆ.

"ಮೇಡಂನೋರೆ, ಯೂನಿವರ್ಸಿಟಿ ಇಸ್ಸೆ ಆಯ್ತಂತೆ, ದಿಟವಾ?" ಅಂದರು. ಹಿಸ್ಸೆ, ಅಂದರೆ ಆಸ್ತಿ ಪಾಲು. ಆ ಕಡೆಯವರ ಮಾತಿನಲ್ಲಿ ಹಕಾರ ಇರುವುದಿಲ್ಲ.

"ಹೌದು, ಮೂರು ಭಾಗ ಆಗಿದೆ."

"ಇವ್ನು ಫೇಲಾಗಿರೋದೂ ಮೂರೇಯ. ಅಂಗಾದ್ರೆ ಒಂದೊಂದು ಯೂನಿವರ್ಸಿಟಿಗೆ ಒಂದೊಂದು ಅಂಚ್ಕೊಟ್ರೆ ಇವನ್ ಮೇಲಿರೋ ಭಾರ ಕಮ್ಮಿ ಆಯ್ತದಲ್ವಾ?"

ಹಾಗೆಲ್ಲ ಹಂಚುವುದಕ್ಕೆ ಬರುವುದಿಲ್ಲ, ಹಳೇ ಬ್ಯಾಚಿನವರು ಫೇಲಾದ ವಿಷಯ ಹಳೇ ವಿಶ್ವವಿದ್ಯಾಲಯದಲ್ಲೇ ಉಳಿಯುತ್ತದೆ, ಹೊಸಬರು ಯಾರೂ ಅದನ್ನು ತೆಗೆದುಕೊಳ್ಳುವುದಿಲ್ಲ ಅಂತ ಬಿಡಿಸಿ ಹೇಳಿದೆ. ಯಜಮಾನರು ಮಗನ ಕಡೆ ತಿರುಗಿದರು.

"ಕೇಳುಸ್ಕೊಂಡ್ಯೇನ್ಲಾ? ಪಾಲಾಗೋ ಟೈಮಲ್ಲಿ ಮುರುಕು ಒನಕೇನೂ ನಂಗೆ ಬೇಕು ಅಂತ ಜಗಳ ಆಡ್ತಾರೆ. ನೀನು ಮಾಡಿಟ್ಟಿರೋ ಆಸ್ತೀನ ಬಿಟ್ಟಿ ಕೊಟ್ರೂ ಯಾರಿಗೂ ಬ್ಯಾಡ್ವಂತೆ!"

ಜಾಗ ಬಿಡಿ

ಮುಂದಿನದು ಬೋರ್ಡಿನ ಗಲಾಟೆ. ಕಾಲೇಜಿನ ಗೇಟಿನ ಮೇಲಿನ ಹಳೇ ವಿಶ್ವವಿದ್ಯಾಲಯದ ಹೆಸರನ್ನು ತಕ್ಷಣ ತೆಗೆಯಬೇಕು ಅಂತ ಮೇಲಿಂದ ಆದೇಶ ಬಂತು. ಹೊಸದರ ಹೆಸರೇನು ಅಂತ ಕೇಳಿದರೆ, ಅದಿನ್ನೂ ತೀರ್ಮಾನ ಆಗಿಲ್ಲ ಅಂದರು. ನಮ್ಮ ಪ್ರಿನ್ಸಿಪಾಲರು ಆದೇಶ ಅಂದರೆ ಊಟ ಬಿಟ್ಟು ಏಳುವ ಮನುಷ್ಯ. ಬೋರ್ಡು ಬರೆಯುವವನಿಗೆ ಫೋನಿನಲ್ಲೇ ಹೇಳಿದರು: "ನೋಡ್ರೀ, ಹಳೇ ಹೆಸರು ಅಳಿಸಿ. ಅಲ್ಲಿ ಜಾಗ ಬಿಡಿ. ಕೆಳಗಡೆ 'ವಿಶ್ವವಿದ್ಯಾಲಯಕ್ಕೆ ಸೇರಿದೆ' ಅಂತ ಬರೀರಿ."

ಸೋಮವಾರ ನಾವು ಬರುವ ಹೊತ್ತಿಗೆ ಬೋರ್ಡು ಮಿರಮಿರ ಮಿಂಚುತ್ತಿತ್ತು. ಮೇಲೆ ಕೆಂಪಕ್ಷರದಲ್ಲಿ ದೊಡ್ಡದಾಗಿ 'ಜಾಗ ಬಿಡಿ'. ಕೆಳಗೆ ಕರಿ ಅಕ್ಷರದಲ್ಲಿ 'ವಿಶ್ವವಿದ್ಯಾಲಯಕ್ಕೆ ಸೇರಿದೆ'.

ಪಕ್ಕದಲ್ಲಿ ಒಂದು ಕಲ್ಯಾಣ ಮಂಟಪ. ಮುಹೂರ್ತ ಇದ್ದ ದಿನವೆಲ್ಲ ನೆಂಟರ ಕಾರುಗಳು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತಿದ್ದವು. ನಾವು ಬೇಡಿಕೊಂಡರೂ ಜರುಗುತ್ತಿರಲಿಲ್ಲ, ಪೊಲೀಸರು ಬಂದರೂ ಜರುಗುತ್ತಿರಲಿಲ್ಲ. ಆ ದಿನ ಒಂದೇ ಒಂದು ಕಾರಿಲ್ಲ. ಮಂಟಪದ ಮ್ಯಾನೇಜರೇ ಕೈ ಮುಗಿದುಕೊಂಡು ಬಂದರು. "ಸಾರ್, ಬೋರ್ಡ್ ನೋಡ್ದೆ. ಎಲ್ಲಾ ಗಾಡಿ ತೆಗೆಸಿದೀನಿ. ನಮ್ ಅಡುಗೆಮನೆ ಗೋಡೆನೂ ಯೂನಿವರ್ಸಿಟಿಗೆ ಸೇರುತ್ತಾ ಸಾರ್?"

ಪ್ರಿನ್ಸಿಪಾಲರು ಬೋರ್ಡಿನವನಿಗೆ ಬೈಯಲು ಎತ್ತಿಕೊಂಡಿದ್ದ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ನನ್ನ ಕಡೆ ತಿರುಗಿ ಹೇಳಿದರು: "ಮೇಡಂ, ಸರ್ಕಾರ ಹೆಸರಿಡೋದು ನಿಧಾನ ಆದಷ್ಟೂ ಒಳ್ಳೇದು. ಅಲ್ಲೀವರೆಗೂ ನಮ್ಮದು ಜಾಗ ಬಿಡಿ ವಿಶ್ವವಿದ್ಯಾಲಯ."

ಅವರ ಹುಡುಗ

ಪರೀಕ್ಷೆ ಬಂತು. ಹಳೇ ಬ್ಯಾಚಿಗೆ ಹಳೇ ವಿಶ್ವವಿದ್ಯಾಲಯದ ಪರೀಕ್ಷೆ, ಹೊಸಬರಿಗೆ ಹೊಸದರದು. ನಮ್ಮಲ್ಲಿ ಇರುವುದೇ ಒಂದು ದೊಡ್ಡ ಹಾಲು. ಹಾಗಾಗಿ ಒಂದೇ ಬೆಂಚಿನ ಆ ತುದಿಯಲ್ಲಿ ಒಂದು ವಿಶ್ವವಿದ್ಯಾಲಯ, ಈ ತುದಿಯಲ್ಲಿ ಇನ್ನೊಂದು. ಕಾಪಿ ಹಿಡಿಯುವ ಸ್ಕ್ವಾಡು ಕೂಡ ಎರಡು.

ನಾನು ಮೇಲ್ವಿಚಾರಕಿ. ಹಳೇ ವಿಶ್ವವಿದ್ಯಾಲಯದ ಸ್ಕ್ವಾಡಿನ ಪ್ರೊಫೆಸರು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದವರೇ ಕಿಟಕಿ ಪಕ್ಕದ ಹುಡುಗನ ಅಂಗಿಯ ತೋಳಿನೊಳಗಿಂದ ಚೀಟಿ ಎಳೆದರು. ಹುಡುಗ ಎದ್ದು ನಿಂತು, ಪೂರ್ತಿ ಮರ್ಯಾದೆಯಿಂದ ಹೇಳಿದ: "ಸರ್, ನಾನು ನಿಮ್ಮೋನಲ್ಲ. ಹೊಸ ಯೂನಿವರ್ಸಿಟಿ."

ಪ್ರೊಫೆಸರು ಹಾಲ್ ಟಿಕೆಟ್ ನೋಡಿದರು. ಹೌದು, ಹೊಸದೇ. ಮುಖ ಇಳಿಯಿತು. "ಸಾರಿ ಕಣಪ್ಪಾ," ಅಂದು ಚೀಟಿಯನ್ನು ಮಡಚಿ, ಎಲ್ಲಿಂದ ತೆಗೆದಿದ್ದರೋ ಅದೇ ತೋಳಿನೊಳಗೆ ಸಿಕ್ಕಿಸಿದರು.

ನಾನು ಓಡಿ ಹೋಗಿ ಚೀಟಿ ಕಿತ್ತುಕೊಂಡೆ. "ಏನ್ ಸರ್ ಇದು? ನೀವೇ ಹಿಡಿದು ನೀವೇ ವಾಪಸ್ ಕೊಡ್ತೀರಲ್ಲ!"

"ನನ್ನ ಹೊಟ್ಟೆ ಉರೀತಿದೆ ಮೇಡಂ," ಅಂದರು ತಗ್ಗಿದ ದನಿಯಲ್ಲಿ. "ಆ ಚೀಟೀಲಿರೋ ಉತ್ತರ ಬೇರೆ ತಪ್ಪು. ಅದನ್ನ ಹೇಳೋಕೂ ನನಗೆ ಅಧಿಕಾರ ಇಲ್ಲ."

ವಲಸೆ

ನಮ್ಮಲ್ಲಿ ಬಿ.ಎ. ಮುಗಿಸಿದ ಗಂಗಾನಗರದ ಹುಡುಗಿಯೊಬ್ಬಳಿಗೆ ಬಿ.ಎಡ್. ಸೀಟು ಸಿಕ್ಕಿತು. ಟೀಚರ್ ಆಗಬೇಕು ಅಂತ ಮೊದಲ ವರ್ಷದಿಂದಲೂ ಹೇಳುತ್ತಿದ್ದವಳು. ಆರ್.ಟಿ. ನಗರದ ಆ ಕಾಲೇಜು ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ಅವಳ ಡಿಗ್ರಿ ಹಳೇ ವಿಶ್ವವಿದ್ಯಾಲಯದ್ದು, ಬಿ.ಎಡ್. ಕಾಲೇಜು ಸೇರಿದ್ದು ಹೊಸದಕ್ಕೆ. ಹಾಗಾಗಿ ವಲಸೆ ಪ್ರಮಾಣಪತ್ರ, ಎಲ್ಲರೂ ಮೈಗ್ರೇಷನ್ ಅನ್ನುತ್ತಾರಲ್ಲ ಅದು, ಮರುದಿನವೇ ತರದಿದ್ದರೆ ಸೀಟು ಇಲ್ಲ. ಹುಡುಗಿ ಕಣ್ಣೀರು ಹಾಕಿದಳು. ಅವಳು, ಅವಳ ಅಮ್ಮ, ನಾನು, ಮೂವರೂ ಬಸ್ಸು ಬದಲಾಯಿಸಿಕೊಂಡು ಊರಿನ ಆ ತುದಿಗೆ ಹೋದೆವು.

ಕೌಂಟರಿನವರು ಕೇಳಿದರು: "ಎಲ್ಲಿಂದ ಎಲ್ಲಿಗೆ ಹೋಗ್ತಿದೀರಮ್ಮಾ?"

"ಎಲ್ಲಿಗೂ ಇಲ್ಲ ಸರ್. ಗಂಗಾನಗರದಲ್ಲೇ ಇದೀನಿ. ಯೂನಿವರ್ಸಿಟಿನೇ ನಮ್ಮ ಏರಿಯಾ ಬಿಟ್ಟು ಹೋಗಿರೋದು."

"ಹಂಗಾದ್ರೆ ವಲಸೆ ಹೋಗಿರೋರು ನೀವಲ್ಲ, ಯೂನಿವರ್ಸಿಟಿ. ನಿಮಗ್ಯಾಕೆ ಸರ್ಟಿಫಿಕೇಟ್?"

ನಾನು ಕಾನೂನಿನ ಕಲಮುಗಳನ್ನೆಲ್ಲ ಹೇಳಿ ವಾದಿಸಿದೆ. ಅವರು ಇನ್ನೊಂದು ಕೌಂಟರಿಗೆ ಕಳಿಸಿದರು. ಅಲ್ಲಿಯವರು ಊಟಕ್ಕೆ ಹೋದರು. ಊಟದಿಂದ ಬಂದವರು ಮೊದಲನೇ ಕೌಂಟರಿಗೇ ವಾಪಸ್ ಕಳಿಸಿದರು. ಬಾಗಿಲು ಹಾಕುವ ಹೊತ್ತಾಯಿತು. ಹುಡುಗಿಯ ಅಮ್ಮ ಬೆಳಿಗ್ಗೆಯಿಂದ ತುಟಿ ಬಿಚ್ಚದೆ ಬೆಂಚಿನ ಮೇಲೆ ಕೂತಿದ್ದರು. ಮನೆಯಲ್ಲಿ ಉರ್ದು ಆಡುವ ಹೆಂಗಸು, ಕನ್ನಡದಲ್ಲಿ ತಪ್ಪಾದರೆ ಅಂತ ಸಂಕೋಚ. ಈಗ ದುಪಟ್ಟಾ ಸರಿ ಮಾಡಿಕೊಂಡು ಎದ್ದರು.

"ಸಾಹೇಬ್ರೇ, ಅದೇನೋ ಮೈಗ್ರೇನ್ ಸರ್ಟಿಫಿಕೇಟ್ ಅಂತೆ. ಬೆಳಿಗ್ಗೆ ಬಂದಾಗ ನನ್ನ ಮಗಳಿಗೆ ಇರ್ಲಿಲ್ಲ, ನೀವು ಕೊಡ್ಲಿಲ್ಲ, ಸರಿ. ಈಗ ಅವಳಿಗೂ ಬಂದಿದೆ, ನನಗೂ ಬಂದಿದೆ, ಈ ಮೇಡಂಗೂ ಬಂದಿದೆ. ಮೂರು ಬರ್ಕೊಟ್ಬಿಡಿ, ಹೋಗ್ತೀವಿ."

ಕೌಂಟರಿನವರು ನಗು ತಡೆಯಲಾರದೆ ಮೇಜಿಗೆ ತಲೆ ಆನಿಸಿದರು. ತಲೆ ಎತ್ತಿದ ಮೇಲೆ ಸೀಲು ಹುಡುಕಿದರು. ಸರ್ಟಿಫಿಕೇಟ್ ಬಂತು, ಸೀಟೂ ಉಳಿಯಿತು. ಬಸ್ಸಿನಲ್ಲಿ ಆ ಅಮ್ಮ ಬೇಸರದಿಂದ ಕೇಳಿದರು: "ಒಂದೇ ಕೊಟ್ರಲ್ಲಾ ಮೇಡಂ, ನಿಮ್ದು ಹೇಗೆ?"

ಮೊದಲ ರ‍್ಯಾಂಕು

ಎಲ್ಲಕ್ಕಿಂತ ದೊಡ್ಡದು ಹೊಸ ವಿಶ್ವವಿದ್ಯಾಲಯದ ಘಟಿಕೋತ್ಸವ. ನಮ್ಮಲ್ಲಿ ಎಂ.ಎಸ್ಸಿ. ಭೂಗರ್ಭಶಾಸ್ತ್ರದ ಹೊಸ ಬ್ಯಾಚಿಗೆ ಒಬ್ಬನೇ ಒಬ್ಬ ವಿದ್ಯಾರ್ಥಿ ಇದ್ದ. ಅವನು ಬಿಟ್ಟು ಹೋದರೆ ಕೋರ್ಸು ಮುಚ್ಚುತ್ತದೆ, ಕೋರ್ಸು ಮುಚ್ಚಿದರೆ ಮೇಷ್ಟ್ರಿಗೆ ಎಲ್ಲಿಗೋ ವರ್ಗ. ಹಾಗಾಗಿ ಮೇಷ್ಟ್ರು ಅವನನ್ನು ಗಾಜಿನ ಸಾಮಾನಿನ ಹಾಗೆ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಮನೆ ಮುಂದೆ ಸ್ಕೂಟರ್ ನಿಲ್ಲಿಸಿ, "ಎದ್ದಿದೀಯೇನಪ್ಪಾ?" ಅಂತ ಹಾರನ್ ಹೊಡೆಯುವರು. ಅವನಿಗೆ ನೆಗಡಿಯಾದರೆ ಇಡೀ ತರಗತಿಗೆ ರಜೆ.

ಹುಡುಗ ಒಳ್ಳೆಯವನು. ಓದಿನಲ್ಲಿ ಸುಮಾರು. ಅಂತೂ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ. ವಿಶ್ವವಿದ್ಯಾಲಯ ಹೋಳಾದಾಗ ಈ ವಿಷಯ ಕಲಿಸುವ ಮಿಕ್ಕ ಕಾಲೇಜುಗಳೆಲ್ಲ ಗೆರೆಯ ಆ ಕಡೆ ಹೋಗಿದ್ದವು. ಈ ಕಡೆ ಇಡೀ ವಿಶ್ವವಿದ್ಯಾಲಯಕ್ಕೆ ಇವನೊಬ್ಬನೇ. ಮೊದಲ ರ‍್ಯಾಂಕು ಇವನಿಗೇ ಬಂತು.

ವೇದಿಕೆ ಮೇಲೆ ಪದಕ ಹಾಕಿದರು. ಕೆಳಗೆ ಮೇಷ್ಟ್ರು ಕಣ್ಣೊರೆಸಿಕೊಂಡರು. ವರದಿಗಾರನೊಬ್ಬ ಮೈಕು ಹಿಡಿದ: "ಕಾಂಪಿಟೇಷನ್ ಹೇಗಿತ್ತು?"

"ಅಷ್ಟೇನಿರ್ಲಿಲ್ಲ ಸರ್," ಅಂದ ಹುಡುಗ, ನಾಚಿಕೊಂಡು. ಎಂಥ ವಿನಯ ಅಂತ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಅವನ ಗೆಳೆಯರು ಊರಿನ ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿಸಿ, "ಮಗಾ, ಊರ ಮಾನ ಉಳಿಸ್ದೆ" ಅಂತ ಎತ್ತಿ ಕುಣಿದಾಡಿದರು. ಮನೆಯಲ್ಲಿ ಒಬ್ಬಟ್ಟಿನ ಊಟ, ನಾವೆಲ್ಲ ಹೋಗಿದ್ದೆವು. ಅವನ ಅಜ್ಜಿ ಪದಕವನ್ನು ತಾವೇ ಕೊರಳಿಗೆ ಹಾಕಿಕೊಂಡು, ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸುತ್ತಾ ಕೇಳಿದರು.

"ಮೇಡಂನೋರೆ, ನಮ್ಮುಡುಗ ಮೊದಲ್ನೇದು ಬಂದ. ಎರಡ್ನೇದು ಯಾರು ಬಂದ್ರು?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಯಾರೂ ಬರ್ಲಿಲ್ಲ ಅಜ್ಜಿ."

"ಮೂರ್ನೇದು?"

"ಅದಕ್ಕೂ ಯಾರೂ ಇಲ್ಲ."

ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಜ್ಜಿ ತುಪ್ಪದ ಗಿಂಡಿ ಹಿಡಿದುಕೊಂಡೇ ಮೊಮ್ಮಗನ ಕಡೆ ತಿರುಗಿ ಬಾಯಿ ಬಿಟ್ಟುಕೊಂಡು ನೋಡಿದರು.

"ಅಯ್ಯೋ ನನ್ನಪ್ಪನೇ! ಅಷ್ಟು ದೂರ ಇಂದಕ್ಕೆ ಆಕ್ಬುಟ್ಟಾ ಎಲ್ಲಾರ್ನೂವೆ?"